ಜನರು ರಚಿಸಿದ ನಕಾಶೆಯ ಪರೀಕ್ಷೆ

ನಕಾಶೆಯನ್ನು ನುರಿತ ಮೋಜಣಿದಾರರೇ ರಚಿಸಬೇಕೆಂಬುದು ಬಹುಕಾಲದ ವಾಡಿಕೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಆರಂಭಿಸಿದ ‘ಓಪನ್‌ಸ್ಟ್ರೀಟ್‌ಮ್ಯಾಪ್’ ಇದಕ್ಕೆ ಅಪವಾದವಾಯಿತು. ಉಪಗ್ರಹಗಳ ನೆರವಿನಿಂದ ಸ್ಥಾನವನ್ನು ತಿಳಿಸುವ ಜಿಪಿಎಸ್ ಉಪಕರಣವನ್ನು ಹಿಡಿದು ಬೀದಿಬೀದಿ ಸುತ್ತಿದ ಸ್ವಯಂಸೇವಕರೇ ಅದರ ಕರ್ತೃಗಳು. ಇಂಥ ನಕಾಶೆಯನ್ನು ನಂಬುವುದೆಂತು?

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಹ್ಯಾಕ್ಲೇ ಎಂಬ ವಿದ್ವಾಂಸರು ಇದನ್ನು ಪರೀಕ್ಷಿಸಿ 2010ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಬ್ರಿಟನ್ನಿನ ಅಧಿಕೃತ ಮೋಜಣಿ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ನಕಾಶೆಯೇ ಅವರಿಗೆ ಒರೆಗಲ್ಲು. ಅದರಲ್ಲಿನ ಹೆದ್ದಾರಿಯ ಗೆರೆಯ ಇಕ್ಕೆಲಗಳಲ್ಲಿಯೂ ಗೊತ್ತಾದ ಅಗಲದ ಪಟ್ಟಿಯನ್ನು ಎಳೆದು, ಸ್ವಯಂಸೇವಕರ ಗೆರೆ ಅದರೊಳಗೆ ಎಷ್ಟು ಬೀಳುವುದೆಂದು ಅಳೆದರು. ಸುಮಾರು ನೂರಕ್ಕೆ 80 ಪಾಲು ಹೊಂದಿಕೆಯಾಯಿತು. ಸ್ಥಾನದಲ್ಲಿ ಕಂಡ ವ್ಯತ್ಯಾಸ ಸರಾಸರಿ 6 ಮೀಟರು ಮಾತ್ರ. ಹವ್ಯಾಸಿಗಳ ಕೆಲಸಕ್ಕೆ ಇದು ಮೆಚ್ಚತಕ್ಕದ್ದೇ. ಒರೆಗಲ್ಲಿನ ನಕಾಶೆಯಲ್ಲಿಯೂ ತಿರುವುಗಳನ್ನು ಸರಳಗೊಳಿಸಿದ್ದುದರಿಂದ ತಪ್ಪೆಲ್ಲವೂ ಇವರದೇ ಎನ್ನುವಂತಿಲ್ಲ.

ಆದರೆ, ಎಳೆದ ಗೆರೆ ಸರಿಯಾಗಿರುವುದು ಬೇರೆ. ಎಳೆಯಬೇಕಾದುದೆಲ್ಲವನ್ನೂ ಎಳೆದಿರುವುದು ಬೇರೆ. ಎರಡನೆಯದನ್ನು ತಿಳಿಯಲು ಅವರು ಇಂಗ್ಲೆಂಡನ್ನು ಒಂದೊಂದು ಕಿಲೋಮೀಟರಿನ ಚೌಕಗಳಾಗಿ ವಿಭಾಗಿಸಿ, ಪ್ರತಿಯೊಂದರಲ್ಲಿಯೂ ಎರಡು ನಕಾಶೆಗಳ ರಸ್ತೆಗಳ ಒಟ್ಟು ಉದ್ದವನ್ನು ಹೋಲಿಸಿದರು. ಮೊದಲ ನಾಲ್ಕು ವರ್ಷಗಳಲ್ಲಿ ದೇಶದ ನೂರಕ್ಕೆ 29 ಪಾಲು ನೆಲ ಮಾತ್ರ ನಕಾಶೆಗೆ ಸೇರಿದ್ದಿತು. ಅದಕ್ಕಿಂತ ಚಿಂತಿಸತಕ್ಕ ಸಂಗತಿಯೆಂದರೆ, ಬಡವರು ವಾಸಿಸುವ ಪ್ರದೇಶಗಳೇ ಹೆಚ್ಚಾಗಿ ಬಿಟ್ಟುಹೋಗಿದ್ದವು. ಸಂಬಳವಿಲ್ಲದೆ ನಡೆಯುವವನು ತನಗೆ ಇಷ್ಟವಾದ ಕಡೆಗೇ ನಡೆಯುತ್ತಾನಷ್ಟೆ!

ವಿದ್ಯಾರ್ಥಿಗಳು ತಮ್ಮ ಊರಿನ ಒಂದು ಚೌಕವನ್ನು ಆರಿಸಿಕೊಂಡು ಈ ಪರೀಕ್ಷೆಯನ್ನು ತಾವೇ ಮಾಡಬಹುದು. ಓಣಿಗಳನ್ನು ನಡೆದು ಎಣಿಸಿ, ಬಳಿಕ ನಕಾಶೆಯೊಡನೆ ತಾಳೆ ನೋಡಿದರಾಯಿತು.