ತವರಿನ ಟ್ರಂಕು

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಅಕ್ಕ ಒಬ್ಬರು ಒಂದು ಸಂಜೆ ಕೇಳಿದರು:

"ಟೀಚರಮ್ಮಾ, ನಾಳೆ ಗುಜರಿಯವನು ಬರ್ತಾನೆ. ನಮ್ಮವ್ವ ಮದುವೇಲಿ ಕೊಟ್ಟ ಟ್ರಂಕು ತುಕ್ಕು ಹಿಡಿದೈತೆ. ತೂಕಕ್ಕೆ ಹಾಕಿಬಿಡಲಾ?"

ನಾನು ಹೋಗಿ ನೋಡಿದೆ. ತಳ ಒತ್ತಿದೆ, ಗಟ್ಟಿ ಇತ್ತು. ತುಕ್ಕು ಮೇಲೆ ಮಾತ್ರ.

"ಮಾರಬೇಡಿ ಅಕ್ಕಾ. ಹಳೇ ಕಾಲದ ಪೆಟ್ಟಿಗೆ ಹಾಗೆ ಚೆಂದ ಮಾಡೋಣ" ಅಂದೆ.

ಕಬ್ಬಿಣಕ್ಕೆ ನೀರು, ಗಾಳಿ ಎರಡೂ ತಗುಲಿದರೆ ತುಕ್ಕು ಹುಟ್ಟುತ್ತದೆ. ಬಣ್ಣ ಅವನ್ನು ತಡೆಯುತ್ತದೆ. ಆದರೆ ತುಕ್ಕಿನ ಮೇಲೇ ಬಣ್ಣ ಬಳಿದರೆ ನಿಲ್ಲುವುದಿಲ್ಲ. ಹಪ್ಪಳದ ಹಾಗೆ ಏಳುತ್ತದೆ. ಆದ್ದರಿಂದ ಮೊದಲು ತುಕ್ಕು ಉಜ್ಜಬೇಕು.

ಇಲ್ಲಿ ಎಚ್ಚರ ಬೇಕು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಸೀಸ ವಿಷ. ಮಕ್ಕಳ ಮಿದುಳಿನ ಬೆಳವಣಿಗೆ ಕೆಡಿಸುತ್ತದೆ. ಹೊಟ್ಟೆಯಲ್ಲಿರುವ ಕೂಸಿಗೂ ಕೆಟ್ಟದ್ದು. ಒಣಗಿದ್ದನ್ನು ಉಜ್ಜಿದರೆ ಧೂಳು ಏಳುತ್ತದೆ. ಮೂಗಿಗೆ ಸೆರಗು ಕಟ್ಟಿದರೆ ಸಾಲದು. ಅಂಗಡಿಯಲ್ಲಿ ವಾಟರ್ ಪೇಪರ್ ಕೇಳಿ. ನೀರು ಹಚ್ಚುತ್ತಾ ಉಜ್ಜಿ. ಬಸುರಿಯರು ಈ ಕೆಲಸ ಮಾಡಬಾರದು. ಮಕ್ಕಳನ್ನು ಹತ್ತಿರ ಬಿಡಬೇಡಿ. ಹಳೇ ಬಣ್ಣ ಸುಡಬೇಡಿ, ಹೊಗೆ ಇನ್ನೂ ಕೆಟ್ಟದ್ದು. ಕೆಳಗೆ ಬಿದ್ದ ರಾಡಿಯನ್ನು ಕಾಗದದಲ್ಲಿ ಒರೆಸಿ ಕಟ್ಟಿಡಿ. ಬಾವಿ ಹತ್ತಿರ, ಹಿತ್ತಲಲ್ಲಿ ಚೆಲ್ಲಬೇಡಿ. ಕೈ ತೊಳೆದೇ ಊಟ ಮಾಡಿ. ಉಟ್ಟ ಬಟ್ಟೆಯನ್ನು ಬೇರೆ ಒಗೆಯಿರಿ.

ಟ್ರಂಕನ್ನು ಒರೆಸಿ ಬಿಸಿಲಿಗೆ ಇಟ್ಟೆವು. ಒಣಗಿದ ಕೂಡಲೇ ರೆಡ್ ಆಕ್ಸೈಡ್ ಬಳಿದೆವು. ತಡ ಮಾಡಿದರೆ ಬರೀ ಕಬ್ಬಿಣಕ್ಕೆ ಮತ್ತೆ ತುಕ್ಕು ಬರುತ್ತದೆ. ಮರುದಿನ ಕಪ್ಪು ಎನಾಮೆಲ್ ತೆಳ್ಳಗೆ ಬಳಿದೆವು. ಅದರ ಮರುದಿನ ಇನ್ನೊಂದು ಸಲ. ಕೆಲಸವೆಲ್ಲ ಹೊರಗೆ, ಒಲೆಯಿಂದ ದೂರ. ಬಣ್ಣಕ್ಕೆ ಬೆಂಕಿ ಬೇಗ ಹತ್ತುತ್ತದೆ.

ಬಣ್ಣ ಕೊಳ್ಳುವಾಗ ಡಬ್ಬಿ ಓದಿ. 2017ರ ನವೆಂಬರ್ 1ರಿಂದ ಮನೆ ಬಣ್ಣದ 10 ಲಕ್ಷ ಭಾಗದಲ್ಲಿ ಸೀಸ 90 ಭಾಗ ಮೀರಬಾರದು ಎಂಬ ನಿಯಮ ಇದೆ. ಡಬ್ಬಿಯ ಮೇಲೆ ಅದು ಬರೆದಿರಬೇಕು. 90 ಎಂಬ ಅಂಕಿ ಹುಡುಕಿ. ಕಾಣದಿದ್ದರೆ ಕೇಳಿ.

ಕೊನೆಗೆ ಬಂಗಾರದ ಬಣ್ಣ. ಹಿಂದೆ ನಾನು ನಮ್ಮ ಮನೆಯ ಕುರ್ಚಿಗೆ ಇದನ್ನು ಪೂರ್ತಿ ಬಳಿದಿದ್ದೆ. ಜಾತ್ರೆ ತೇರಿನ ಹಾಗೆ ಕಂಡಿತು! ಈ ಸಲ ಹಾಗೆ ಮಾಡಲಿಲ್ಲ. ಬ್ರಷ್ಷನ್ನು ಅದ್ದಿ, ಕಾಗದಕ್ಕೆ ಒರೆಸಿ ಒರೆಸಿ ಒಣಗಿದ ಹಾಗೆ ಮಾಡಿದೆವು. ಅಂಚು, ಮೂಲೆ, ಚಿಲಕ, ಇಷ್ಟಕ್ಕೇ ಸವರಿದೆವು. ಎಷ್ಟೋ ವರ್ಷ ಕೈ ತಾಗಿ ಸವೆದ ಹಿತ್ತಾಳೆಯ ಹಾಗೆ ಕಂಡಿತು.

ಡಬ್ಬಿಯಲ್ಲಿ ಚೂರು ಬಣ್ಣ ಉಳಿದಿತ್ತು. ಅಕ್ಕ ಮುಚ್ಚಳದ ಒಳಗೆ ತಮ್ಮ ಅವ್ವನ ಹೆಸರು ಬರೆದರು. ಒತ್ತಕ್ಷರ ಒಂದು ತಪ್ಪಿತ್ತು. ಒರೆಸಿ, ತಾವೇ ತಿದ್ದಿದರು.

ಬರೆಯಿರಿ:
ನಿಮ್ಮ ಮನೆಯಲ್ಲಿ ತುಕ್ಕು ಹಿಡಿದ ಸಾಮಾನು ಯಾವುದು? ಅದು ಯಾರು ಕೊಟ್ಟದ್ದು?