ಬಡಗಿಯ ಬಯಕೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳು ಬೇಸಾಯದ ಸೀಮೆ. ಇಲ್ಲಿ ನೇಗಿಲಿನಿಂದ ಹಿಡಿದು ಮನೆಯ ಬಾಗಿಲಿನವರೆಗೆ ಎಲ್ಲಕ್ಕೂ ಬಡಗಿಯ ಕೈಯೇ ಆಧಾರವಾಗಿದ್ದಿತು. ಮರವು ಗಟ್ಟಿಯಾಗಿರಬೇಕು, ಉಳಿಗೆ ಮಣಿಯಬೇಕು, ಒಣಗಿದಾಗ ಬಿರಿಯಬಾರದು, ಗೆದ್ದಲು ಹತ್ತಬಾರದು, ಅಗ್ಗವಾಗಿ ದೊರೆಯಬೇಕು: ಇದು ಬಡಗಿಯ ಬಯಕೆ. ಆದರೆ ಈ ಗುಣಗಳೆಲ್ಲವೂ ಒಂದೇ ಮರದಲ್ಲಿ ಕೂಡಿಬರುವುದಿಲ್ಲ.

ಹೊಲದ ಬದುವಿನ ಕರಿಜಾಲಿಯ ಚೇಗು ಬಹಳ ಗಟ್ಟಿ, ಪೆಟ್ಟನ್ನು ತಾಳಬಲ್ಲದು. ಆದುದರಿಂದ ಗಾಡಿಯ ಚಕ್ರಕ್ಕೂ ನೇಗಿಲಿಗೂ ಅದನ್ನು ಆರಿಸುತ್ತಿದ್ದರು. ಆದರೆ ಅದರ ಕಾಂಡ ಡೊಂಕು. ಉದ್ದನೆಯ ಹಲಗೆ ದೊರೆಯುವುದು ಅಪೂರ್ವ. ಮಾವು ಅಗಲವಾದ ಹಲಗೆಯನ್ನು ಕೊಡುತ್ತದೆ, ಉಳಿಗೂ ಸುಲಭವಾಗಿ ಒಗ್ಗುತ್ತದೆ. ಆದರೆ ಬೇಗನೆ ಹುಳುಗಳಿಗೆ ತುತ್ತಾಗುತ್ತದೆ. ಹೊನ್ನೆ ಬಾಳಿಕೆಯ ಮರ. ನೀರು ತಾಗಿದರೆ ಹಳದಿ ಬಣ್ಣವನ್ನು ಬಿಡುತ್ತದೆ. ಹೊಂಬಣ್ಣದ ಹಲಸು ವೀಣೆಯ ಕೊಡಕ್ಕೆ ಪ್ರಸಿದ್ಧ.

ತೇಗದಲ್ಲಿ ಸಹಜವಾದ ಎಣ್ಣೆಯ ಅಂಶವಿದೆ. ಆದುದರಿಂದ ಅದರ ಚೇಗಿಗೆ ಗೆದ್ದಲಿನ ಬಾಧೆ ಕಡಿಮೆ. ಟಿಪ್ಪು ಸುಲ್ತಾನನು 1784ರಲ್ಲಿ ಶ್ರೀರಂಗಪಟ್ಟಣದಲ್ಲಿ ಕಟ್ಟಿಸಿದ ದರಿಯಾ ದೌಲತ್ ಅರಮನೆಯು ಬಹುಮಟ್ಟಿಗೆ ತೇಗದ್ದು. ಎರಡು ಶತಮಾನಗಳ ಮಳೆಬಿಸಿಲನ್ನು ಕಂಡೂ ಅದು ನಿಂತಿದೆ. ಆದರೆ ತೇಗವು ಬಲಿಯಲು ಹಲವು ದಶಕಗಳು ಬೇಕು. ಬೆಲೆಯೂ ಬಡವನ ಕೈಗೆಟುಕದು.

ಮಾವಿನಿಂದ ಚಕ್ರ ಮಾಡಿದರೆ ಕಬ್ಬಿನ ಹೊರೆಯೊಡನೆ ಗಾಡಿ ನಡುದಾರಿಯಲ್ಲಿ ಕುಸಿದೀತು. ರೈತನ ವರುಷದ ದುಡಿಮೆ ಅಲ್ಲಿಯೇ ಉಳಿದೀತು. ಅದೇ ಮಾವು ಪೆಟ್ಟಿಗೆಗೆ ಒಪ್ಪುತ್ತದೆ. ಬಯಸಿದ ಮರಕ್ಕಾಗಿ ಕಾಯದೆ, ಇರುವ ಮರದ ಗುಣವನ್ನರಿತು ತಕ್ಕ ಎಡೆಯಲ್ಲಿ ಬಳಸುವವನೇ ನಿಜವಾದ ಬಡಗಿ.