ಮನೆಯ ದೊಡ್ಡ ಮೀನುತೊಟ್ಟಿಗೆ ಯಾವ ಫಿಲ್ಟರ್? ಮೊದಲು ನೀರನ್ನು ತಿಳಿಯಿರಿ



ಮನೆಗೆ ನಾಲ್ಕು ಅಡಿಯ ಗಾಜಿನ ತೊಟ್ಟಿ ಬಂದ ಕೂಡಲೇ ಏಳುವ ಪ್ರಶ್ನೆ ಒಂದೇ: "ಯಾವ ಫಿಲ್ಟರ್ ಹಾಕೋದು?" ಅಂಗಡಿಯವರು ಒಂದು ಹೇಳುತ್ತಾರೆ, ಪಕ್ಕದ ಮನೆಯವರು ಇನ್ನೊಂದು ಹೇಳುತ್ತಾರೆ. ಕೊಯಮತ್ತೂರಿನಲ್ಲಿ ಸರಿಹೋದ ಏರ್ಪಾಡು ತಿರುಪ್ಪೂರಿನ ನೆಂಟರ ಮನೆಯಲ್ಲಿ ಕೈಕೊಡುವುದೂ ಉಂಟು. ಫಿಲ್ಟರ್ ಅದೇ, ಮೀನೂ ಅದೇ. ಹಾಗಾದರೆ ಬದಲಾದದ್ದೇನು? ನೀರು! ಈ ಪಾಠದಲ್ಲಿ ಅದನ್ನೇ ಹಂತ ಹಂತವಾಗಿ ನೋಡೋಣ.

1. ಫಿಲ್ಟರ್ ಮಾಡುವ ಕೆಲಸ ಏನು?

ಫಿಲ್ಟರ್ ಅಂದರೆ ಟೀ ಸೋಸುವ ಜರಡಿ ಅಂತ ನಾವು ಅಂದುಕೊಳ್ಳುತ್ತೇವೆ. ಅದು ಕಾಲು ಭಾಗ ಮಾತ್ರ ನಿಜ. ತೊಟ್ಟಿಯ ಫಿಲ್ಟರಿಗೆ ಮೂರು ಕೆಲಸಗಳಿವೆ.

ಮೊದಲನೆಯದು ಯಾಂತ್ರಿಕ ಶೋಧನೆ. ಸ್ಪಂಜು, ನೂಲಿನಂಥ ಹತ್ತಿ ಇವು ಕಸಕಡ್ಡಿ, ಉಳಿದ ಆಹಾರ, ಮೀನಿನ ಮಲವನ್ನು ತಡೆಯುತ್ತವೆ. ಎರಡನೆಯದು ರಾಸಾಯನಿಕ ಶೋಧನೆ. ಸಕ್ರಿಯ ಇದ್ದಿಲು ಬಣ್ಣ, ವಾಸನೆಗಳನ್ನು ಹೀರಿಕೊಳ್ಳುತ್ತದೆ. ಮೂರನೆಯದು ಜೈವಿಕ ಶೋಧನೆ. ಮೀನಿನ ಜೀವ ಉಳಿಸುವುದು ಇದು.

ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯಾವನ್ನು ಹೊರಹಾಕುತ್ತದೆ. ಕೊಳೆತ ಆಹಾರದಿಂದಲೂ ಅಮೋನಿಯಾ ಬರುತ್ತದೆ. ಇದು ಕಣ್ಣಿಗೆ ಕಾಣದು. ನೀರು ಕನ್ನಡಿಯ ಹಾಗೆ ತಿಳಿಯಾಗಿದ್ದೂ ಮೀನು ಸಾಯುವುದು ಇದರಿಂದಲೇ. ನೈಟ್ರೋಜನ್ ಚಕ್ರದ ಪಾಠದಲ್ಲಿ ಓದಿದ ನೈಟ್ರೀಕಾರಕ ಬ್ಯಾಕ್ಟೀರಿಯಾಗಳು ನೆನಪಿವೆಯಾ? ಅವೇ ಇಲ್ಲಿಯೂ ದುಡಿಯುತ್ತವೆ:

ಅಮೋನಿಯಾ + ಆಕ್ಸಿಜನ್ → ನೈಟ್ರೈಟ್ + ನೀರು + ಆಮ್ಲ
ನೈಟ್ರೈಟ್ + ಆಕ್ಸಿಜನ್ → ನೈಟ್ರೇಟ್

ನೈಟ್ರೈಟ್ ಕೂಡ ವಿಷವೇ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ, ಆದರೆ ದಿನೇ ದಿನೇ ಸೇರುತ್ತಾ ಹೋಗುತ್ತದೆ. ಅದನ್ನು ಹೊರಹಾಕಲು ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಲೇಬೇಕು. "ಒಳ್ಳೇ ಫಿಲ್ಟರ್ ಇದೆ, ನೀರು ಬದಲಿಸೋದು ಬೇಡ" ಎನ್ನುವ ಮಾತು ತಪ್ಪು.

ಈ ಬ್ಯಾಕ್ಟೀರಿಯಾಗಳು ಅಂಟಿಕೊಂಡು ಬದುಕಲು ಮೇಲ್ಮೈ ಬೇಕು. 1 ಸೆಂ.ಮೀ. ಬದಿಯ ಒಂದು ಘನವನ್ನು ಊಹಿಸಿ. ಮೇಲ್ಮೈ 6 ಚದರ ಸೆಂ.ಮೀ. ಅದನ್ನೇ 1 ಮಿ.ಮೀ. ಬದಿಯ 1000 ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 60 ಚದರ ಸೆಂ.ಮೀ.! ಸ್ಪಂಜು, ಸೆರಾಮಿಕ್ ಉಂಗುರ, ಸಣ್ಣ ಜಲ್ಲಿ ಇವನ್ನೆಲ್ಲ ಫಿಲ್ಟರಿಗೆ ತುಂಬುವುದು ಈ ಲೆಕ್ಕದಿಂದಲೇ.

2. ತೊಟ್ಟಿಯ ಲೆಕ್ಕ

4 ಅಡಿ ಉದ್ದ, 1.5 ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿ ಎಂದುಕೊಳ್ಳಿ. ಗಾತ್ರ 12 ಘನ ಅಡಿ. 1 ಘನ ಅಡಿಗೆ ಸುಮಾರು 28.3 ಲೀಟರ್. ಅಂದರೆ ಸುಮಾರು 340 ಲೀಟರ್. ನೀರೊಂದೇ 340 ಕಿಲೋ ತೂಗುತ್ತದೆ! ಗಾಜು, ಜಲ್ಲಿ ಬೇರೆ. ಆದ್ದರಿಂದ ಮೇಜು ಗಟ್ಟಿಯಿರಲಿ.

ತೊಟ್ಟಿಯ ನೀರೆಲ್ಲ ಗಂಟೆಗೆ ನಾಲ್ಕೈದು ಸಲ ಫಿಲ್ಟರ್ ಮೂಲಕ ಹಾದುಹೋಗಬೇಕು ಎಂಬುದು ಸಾಮಾನ್ಯ ವಾಡಿಕೆ. ನಾಲ್ಕು ಸಲ ಅಂದರೆ ಗಂಟೆಗೆ 1360 ಲೀಟರ್. ಹಾಗಾದರೆ 1500 ಲೀಟರ್ ಎಂದು ಬರೆದ ಪಂಪು ತಂದರೆ ಸಾಕಾ? ಸಾಲದು. ಡಬ್ಬದ ಮೇಲಿನ ಸಂಖ್ಯೆ, ನೀರನ್ನು ಮೇಲಕ್ಕೆ ಎತ್ತದೆ ಇದ್ದಾಗಿನದು. ಅದರ ಪಕ್ಕದಲ್ಲೇ ಗರಿಷ್ಠ ಎತ್ತರವನ್ನೂ ಬರೆದಿರುತ್ತಾರೆ. ಆ ಎತ್ತರದಲ್ಲಿ ಹರಿವು ಸೊನ್ನೆ! ಗರಿಷ್ಠ ಎತ್ತರ 2 ಮೀಟರ್ ಇರುವ 2000 ಲೀಟರ್ ಪಂಪು 1.2 ಮೀಟರ್ ಎತ್ತಬೇಕಾದರೆ, ಸರಳ ಅಂದಾಜಿನಲ್ಲಿ ಐದರಲ್ಲಿ ಎರಡು ಪಾಲು, ಅಂದರೆ 800 ಲೀಟರ್ ಮಾತ್ರ ಕೊಡುತ್ತದೆ. ಸ್ಪಂಜು ಕಟ್ಟಿಕೊಂಡರೆ ಇನ್ನೂ ಕಡಿಮೆ. ಕೊಳ್ಳುವಾಗ ಎರಡೂ ಸಂಖ್ಯೆ ಓದಿ.

3. ಯಾವ ಬಗೆಯದು?

ಸ್ಪಂಜ್ ಫಿಲ್ಟರ್: ಗಾಳಿ ಪಂಪಿನಿಂದ ನಡೆಯುತ್ತದೆ, ಅಗ್ಗ, ಜೈವಿಕ ಕೆಲಸ ಚೆನ್ನಾಗಿ ಮಾಡುತ್ತದೆ. 340 ಲೀಟರಿಗೆ ಒಂದೇ ಸಾಲದು, ಆದರೆ ಜೊತೆಗಾರನಾಗಿ ಬಲು ಒಳ್ಳೆಯದು.

ಮೇಲಿನ ಪೆಟ್ಟಿಗೆ ಫಿಲ್ಟರ್: ತೊಟ್ಟಿಯ ಮೇಲೆಯೇ ಕೂರುತ್ತದೆ, ತೊಳೆಯಲು ಸುಲಭ, ನೀರು ಬೀಳುವಾಗ ಗಾಳಿ ಬೆರೆಯುತ್ತದೆ. ಒಳಗೆ ಜಾಗ ಕಡಿಮೆ.

ಕ್ಯಾನಿಸ್ಟರ್: ಮುಚ್ಚಿದ ಡಬ್ಬಿ, ಮೇಜಿನ ಕೆಳಗೆ ಇಡುತ್ತಾರೆ. ಸದ್ದಿಲ್ಲ, ಜಾಗ ಹೆಚ್ಚು. ಬೆಲೆಯೂ ಹೆಚ್ಚು. ಕರೆಂಟ್ ಹೋದರೆ ಒಳಗಿನ ಆಕ್ಸಿಜನ್ ಮುಗಿದು ಬ್ಯಾಕ್ಟೀರಿಯಾ ಸಾಯತೊಡಗುತ್ತವೆ. ಬಹಳ ಹೊತ್ತು ನಿಂತಿದ್ದರೆ ಒಳಗಿನ ನೀರನ್ನು ಚೆಲ್ಲಿ, ತೊಟ್ಟಿಯ ನೀರಿನಲ್ಲಿ ಸ್ಪಂಜು ಜಾಲಾಡಿಸಿ, ಆಮೇಲೆ ಚಾಲೂ ಮಾಡಬೇಕು.

ಸಂಪ್: ಕೆಳಗೆ ಇನ್ನೊಂದು ತೊಟ್ಟಿ. ನೀರಿನ ಒಟ್ಟು ಪ್ರಮಾಣವೇ ಹೆಚ್ಚುತ್ತದೆ, ಬೇಕಾದಷ್ಟು ಜಲ್ಲಿ, ಸ್ಪಂಜು ತುಂಬಬಹುದು. ಪಂಪು ನಿಂತಾಗ ಮೇಲಿನಿಂದ ಇಳಿಯುವ ನೀರಿಗೆ ಕೆಳಗೆ ಜಾಗ ಬಿಟ್ಟಿರಬೇಕು. ಇಲ್ಲದಿದ್ದರೆ ನೆಲವೆಲ್ಲ ನೀರು!

ಕರೆಂಟಿನ ಲೆಕ್ಕವನ್ನೂ ಹಾಕಿ. 35 ವ್ಯಾಟ್ ಪಂಪು ದಿನವಿಡೀ ಓಡಿದರೆ 0.84 ಯುನಿಟ್. ಎರಡು ತಿಂಗಳಿಗೆ ಸುಮಾರು 50 ಯುನಿಟ್. ತಮಿಳುನಾಡಿನಲ್ಲಿ ಮನೆಗಳಿಗೆ ಎರಡು ತಿಂಗಳಿಗೆ ಸಿಗುವ ಉಚಿತ 100 ಯುನಿಟ್‌ನಲ್ಲಿ ಅರ್ಧ ಇದಕ್ಕೇ ಹೋಯಿತು. ರಾತ್ರಿ ಆರಿಸಿದರೆ ಉಳಿತಾಯ ಅಲ್ವಾ ಎನ್ನಬೇಡಿ. ಬ್ಯಾಕ್ಟೀರಿಯಾಗಳಿಗೆ ರಾತ್ರಿಯೂ ಉಸಿರು ಬೇಕು.

4. ಒಂದೇ ಫಿಲ್ಟರ್, ಎರಡು ಊರು

ಈಗ ಮುಖ್ಯ ಮಾತಿಗೆ ಬರೋಣ. ಕೊಯಮತ್ತೂರಿನ ಹಲವು ಭಾಗಗಳಿಗೆ ಸಿರುವಾಣಿ ನೀರು ಬರುತ್ತದೆ. ಪಶ್ಚಿಮ ಘಟ್ಟದ ಕಾಡಿನ ಮಳೆನೀರು, ಬಹಳ ಮೆದು. ಅದರಲ್ಲಿ ಕರಗಿದ ಬೈಕಾರ್ಬೊನೇಟ್ ಕಡಿಮೆ. ಮೇಲಿನ ಸಮೀಕರಣ ನೋಡಿ: ಅಮೋನಿಯಾ ಬದಲಾಗುವಾಗ ಆಮ್ಲ ಹುಟ್ಟುತ್ತದೆ. ಆ ಆಮ್ಲವನ್ನು ತಟಸ್ಥಗೊಳಿಸುವುದು ಬೈಕಾರ್ಬೊನೇಟ್. ಅದು ಮುಗಿದರೆ ಪಿಎಚ್ ಕುಸಿಯುತ್ತದೆ. ಪಿಎಚ್ 6.5ಕ್ಕಿಂತ ಕೆಳಗಿಳಿದಂತೆ ಬ್ಯಾಕ್ಟೀರಿಯಾಗಳ ಕೆಲಸ ನಿಧಾನವಾಗುತ್ತದೆ. ಅಂದರೆ ಫಿಲ್ಟರ್ ಓಡುತ್ತಿರುತ್ತದೆ, ಕೆಲಸ ಮಾತ್ರ ನಡೆಯುತ್ತಿರುವುದಿಲ್ಲ. ಪರಿಹಾರ ಸುಲಭ: ತಪ್ಪದೆ ನೀರು ಬದಲಿಸುವುದು, ಫಿಲ್ಟರಿನಲ್ಲಿ ತೊಳೆದ ಚಿಪ್ಪಿನ ಚೂರು ಸ್ವಲ್ಪ ಇಡುವುದು. ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲ ಬಂದಾಗ ನಿಧಾನವಾಗಿ ಕರಗುತ್ತದೆ.

ತಿರುಪ್ಪೂರು ಕಡೆ ಕೊಳವೆಬಾವಿ ನೀರು ಬಳಸುವ ಮನೆಗಳಲ್ಲಿ ಕಥೆ ಬೇರೆ. ಅದು ಗಡಸು ನೀರು, ಉಪ್ಪಿನಂಶವೂ ಹೆಚ್ಚು. ಇಲ್ಲಿ ಪಿಎಚ್ ಸುಲಭವಾಗಿ ಕುಸಿಯದು. ಆದರೆ ಪಿಎಚ್ ಹೆಚ್ಚಿದಷ್ಟೂ ಅಮೋನಿಯಾ ಹೆಚ್ಚು ವಿಷ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ಶೇ. 1ಕ್ಕೂ ಕಡಿಮೆ. ಪಿಎಚ್ 8 ಇದ್ದರೆ ಶೇ. 5ಕ್ಕೂ ಹೆಚ್ಚು. ಹಾಗಾಗಿ ಇಲ್ಲಿ ಜೈವಿಕ ಫಿಲ್ಟರ್ ದೊಡ್ಡದಿರಬೇಕು, ಮೀನು ಮತ್ತು ಆಹಾರ ಮಿತವಾಗಿರಬೇಕು. ಗಪ್ಪಿ, ಮೋಲಿಗಳಿಗೆ ಗಡಸು ನೀರು ಒಗ್ಗುತ್ತದೆ. ನಿಯಾನ್ ಟೆಟ್ರಾದಂಥವಕ್ಕೆ ಮೆದು ನೀರೇ ಇಷ್ಟ.

ಇನ್ನೊಂದು ವಿಷಯ. ಬೇಸಿಗೆಯಲ್ಲಿ ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಇಳಿದಷ್ಟಕ್ಕೆ ಮತ್ತೆ ಕೊಳವೆಬಾವಿ ನೀರನ್ನೇ ತುಂಬುತ್ತಾ ಹೋದರೆ ತೊಟ್ಟಿ ಉಪ್ಪಾಗುತ್ತಾ ಹೋಗುತ್ತದೆ. ಸ್ಪಂಜು, ಇದ್ದಿಲು, ಬ್ಯಾಕ್ಟೀರಿಯಾ ಯಾವುದೂ ಕರಗಿದ ಉಪ್ಪನ್ನು ಹಿಡಿಯದು. ಆವಿಯಾದಷ್ಟನ್ನು ಮಳೆನೀರು ಅಥವಾ ಆರ್‌ಓ ನೀರಿನಿಂದ ತುಂಬಿ.

5. ಊರಿನ ದೊಡ್ಡ ತೊಟ್ಟಿ

ಈ ಕೊನೆಯ ಮಾತನ್ನು ನೊಯ್ಯಲ್ ನದಿ ಬಹಳ ಕಷ್ಟಪಟ್ಟು ಕಲಿಸಿದೆ. ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟಿ, ಕೊಯಮತ್ತೂರು, ತಿರುಪ್ಪೂರು ದಾಟಿ ಕಾವೇರಿ ಸೇರುವ ನದಿ ಅದು. ಹತ್ತಿ ಬಟ್ಟೆಗೆ ಬಣ್ಣ ಹಿಡಿಯಲು ಬಹಳಷ್ಟು ಉಪ್ಪು ಬಳಸುತ್ತಾರೆ. ಆ ನೀರು ನದಿಗೆ ಸೇರಿ, ನೀರಾವರಿಗೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟೆಯಲ್ಲಿ ನಿಂತಿತು. ಕೆಳಗಿನ ರೈತರ ಹೊಲ, ಬಾವಿ ಹಾಳಾದವು. ರೈತರು ನ್ಯಾಯಾಲಯಕ್ಕೆ ಹೋದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ತಿರುಪ್ಪೂರಿನ ಬಣ್ಣದ ಘಟಕಗಳನ್ನು ಮುಚ್ಚಲು ಆದೇಶಿಸಿತು. ಕೆಲಸ ನಿಂತು ಕೂಲಿಕಾರರ ಮನೆಗಳೂ ಕಷ್ಟ ಕಂಡವು.

ಈಗಿನ ಶುದ್ಧೀಕರಣ ಕೇಂದ್ರಗಳಲ್ಲಿ ಬ್ಯಾಕ್ಟೀರಿಯಾಗಳು ಸಾವಯವ ಕೊಳೆಯನ್ನು ತಿನ್ನುತ್ತವೆ, ಉಪ್ಪನ್ನು ಆರ್‌ಓ ಪೊರೆ ತಡೆಯುತ್ತದೆ, ಉಳಿದ ಗಡಸು ದ್ರಾವಣವನ್ನು ಕಾಯಿಸಿ ಆವಿ ಮಾಡುತ್ತಾರೆ. ಕೊನೆಗೂ ಒಂದಷ್ಟು ಉಪ್ಪು, ಕೆಸರು ಉಳಿದೇ ಉಳಿಯುತ್ತದೆ. ಯಾವ ಫಿಲ್ಟರೂ ಕೊಳೆಯನ್ನು ಮಾಯ ಮಾಡುವುದಿಲ್ಲ. ಒಂದು ರೂಪದಿಂದ ಇನ್ನೊಂದಕ್ಕೆ, ಒಂದು ಜಾಗದಿಂದ ಇನ್ನೊಂದಕ್ಕೆ ಸಾಗಿಸುತ್ತದೆ, ಅಷ್ಟೇ. ಅದನ್ನು ಎಲ್ಲಿ ಇಡುತ್ತೇವೆ ಎಂಬುದು ನಮ್ಮ ಹೊಣೆ.

6. ನೆನಪಿಡಿ

• ಹೊಸ ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಎಲ್ಲ ಮೀನುಗಳನ್ನು ಒಂದೇ ದಿನ ಬಿಡಬೇಡಿ. ಆರೋಗ್ಯವಾಗಿರುವ ಹಳೆಯ ತೊಟ್ಟಿಯ ಸ್ಪಂಜಿನ ತುಂಡು ಸಿಕ್ಕರೆ ಹೆಪ್ಪು ಹಾಕಿದ ಹಾಗೆ!
• ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡಿ. ಅದರ ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ.
• ಮೆದು ನೀರಿನ ತೊಟ್ಟಿಯಿಂದ ತೆಗೆದ ನೀರನ್ನು ಗಿಡಕ್ಕೆ ಹಾಕಿ. ನೈಟ್ರೇಟ್ ಗಿಡಕ್ಕೆ ಗೊಬ್ಬರ.
• ಬೇಡವಾದ ಮೀನನ್ನು ಉಕ್ಕಡಂ ಕೆರೆಗೋ ಸಿಂಗಾನಲ್ಲೂರು ಕೆರೆಗೋ ಬಿಡಬೇಡಿ. ತೊಟ್ಟಿ ತೊಳೆಯುತ್ತದೆ ಎಂದು ತರುವ ಸಕ್ಕರ್ ಮೀನು ಕೆರೆಗೆ ಸೇರಿದರೆ ಊರ ಮೀನಿಗೆ ಕುತ್ತು.

ಮಾಡಿ ನೋಡಿ: ಒಂದು ಲೋಟದಲ್ಲಿ ಉಪ್ಪುನೀರು, ಇನ್ನೊಂದರಲ್ಲಿ ಮಣ್ಣುನೀರು ತೆಗೆದುಕೊಳ್ಳಿ. ಎರಡನ್ನೂ ದಪ್ಪ ಹತ್ತಿಯಲ್ಲಿ ಸೋಸಿ. ಎರಡರಿಂದಲೂ ಐದೈದು ಹನಿ ಬೇರೆ ಬೇರೆ ಗಾಜಿನ ಮೇಲೆ ಹಾಕಿ ಬಿಸಿಲಿನಲ್ಲಿ ಒಣಗಿಸಿ. ಯಾವ ಗಾಜಿನ ಮೇಲೆ ಬಿಳಿ ಕಲೆ ಹೆಚ್ಚು ಉಳಿಯಿತು? ಏಕೆ? ನಿಮ್ಮ ಮನೆಯ ನಲ್ಲಿ ನೀರು, ಕೊಳವೆಬಾವಿ ನೀರುಗಳನ್ನೂ ಹೀಗೆಯೇ ಒಣಗಿಸಿ ಹೋಲಿಸಿ, ಉತ್ತರವನ್ನು ವಿಜ್ಞಾನ ಪುಸ್ತಕದಲ್ಲಿ ಬರೆದು ತನ್ನಿ.